ಹಿಪ್ಪೋ ಪಟ್ಟಣದ ಅಗಸ್ತೀನನೂ ರೋಮಾ ರಾಜ್ಯದ ಪತನವೂ

ರೋಮಾ ರಾಜ್ಯದ ಹೆಸರನ್ನು ಕೇಳದ ಕ್ರೈಸ್ತನು ನಮ್ಮ ಸಭೆಗಳಲ್ಲಿ ಇರಲಾರನೆಂದು ನೆನಸುತ್ತೇವೆ. ಕೈಸರನು ಖಾನೇಷುಮಾರಿ ಬರೆಯಿಸಬೇಕೆಂದು ಅಪ್ಪಣೆಕೊಟ್ಟದ್ದರಿಂದಲೇ ಯೋಸೇಫನೂ ಮರಿಯಳೂ ಬೇತ್ಲೆಹೇಮಿಗೆ ಹೋಗಬೇಕಾಯಿತು. ನಮ್ಮ ಕರ್ತನನ್ನು ಶಿಲುಬೆಗೆ ಒಪ್ಪಿಸಿದವನು ರೋಮಾದ ಅಧಿಪತಿ. ಪೌಲನು ನ್ಯಾಯಕ್ಕಾಗಿ ಮೊರೆಯಿಟ್ಟದ್ದು ಕೈಸರನಿಗೆ. ಸತ್ಯವೇದದಲ್ಲಿ ಇಷ್ಟು ಬಲವುಳ್ಳದ್ದಾಗಿ ಕಾಣುವ ಆ ರಾಜ್ಯವು ಆಮೇಲೆ ಏನಾಯಿತೆಂದು ಕೇಳುವವರು ನಮ್ಮಲ್ಲಿ ಉಂಟು. ಕೆಲವರು ಇನ್ನೂ ಮುಂದೆ ಹೋಗಿ, ಹಳೆಯ ದೇವರುಗಳನ್ನು ಬಿಟ್ಟು ಕ್ರಿಸ್ತನನ್ನು ಹಿಡಿದದ್ದರಿಂದಲೇ ರೋಮಾ ಕೆಟ್ಟುಹೋಯಿತಂತೆ, ಅದು ನಿಜವೋ ಎಂದು ಕೇಳುವದುಂಟು. ಮಳೆ ತಪ್ಪಿದರೂ ದನಕ್ಕೆ ರೋಗ ಬಂದರೂ ಹೊಸ ಮಾರ್ಗಕ್ಕೆ ಸೇರಿದವರ ಮೇಲೆ ತಪ್ಪು ಹೊರಿಸುವ ಮಾತು ಹಳ್ಳಿಯಲ್ಲಿ ಬಾಳುವವರಿಗೆ ಅಪರಿಚಿತವಲ್ಲ. ಈ ಪ್ರಶ್ನೆಯು ಆ ಜಾತಿಯದೇ, ಮತ್ತು ಅದಕ್ಕೆ ಸಾವಿರದ ಆರುನೂರು ವರುಷಗಳ ವಯಸ್ಸಾಗಿದೆ. ಅದನ್ನು ಎದುರಿಸಿ ಉತ್ತರ ಕೊಟ್ಟ ಸಭಾಪಾಲಕನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಅಗಸ್ತೀನನು ಕ್ರಿ. ಶ. 354ನೇ ನವೆಂಬರ್ 13ರಲ್ಲಿ ಆಫ್ರಿಕಾದ ಉತ್ತರ ಭಾಗದ ತಗಾಸ್ತೆ ಎಂಬ ಚಿಕ್ಕ ಊರಲ್ಲಿ ಹುಟ್ಟಿದನು. ಆ ಸ್ಥಳವು ಇಂದಿನ ಅಲ್ಜೀರಿಯಾ ದೇಶದಲ್ಲಿದೆ. ತಾಯಿ ಮೋನಿಕಳು ಭಕ್ತಿಯುಳ್ಳ ಕ್ರೈಸ್ತಳು. ತಂದೆ ಪತ್ರೀಕನು ಮರಣಕ್ಕೆ ಸ್ವಲ್ಪ ಮುಂಚೆ ಮಾತ್ರ ಸಭೆಗೆ ಸೇರಿದನು. ಪತ್ರೀಕನು ಊರಿನ ಆಡಳಿತ ಸಂಘದ ಸದಸ್ಯನಾಗಿದ್ದನು. ಹೆಸರಿಗೆ ಇದು ಮರ್ಯಾದೆಯ ಸ್ಥಾನ. ಆದರೆ ಆ ಕಾಲದಲ್ಲಿ ಊರಿನ ಕಂದಾಯವನ್ನು ಕೂಡಿಸಿ ಸರಕಾರಕ್ಕೆ ಒಪ್ಪಿಸುವ ಭಾರವು ಈ ಸದಸ್ಯರ ಮೇಲೆಯೇ ಇದ್ದಿತು. ಕಡಿಮೆ ಬಿದ್ದರೆ ತಮ್ಮ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕಾಗಿತ್ತು. ಆ ಸ್ಥಾನವನ್ನು ಬಿಟ್ಟು ಓಡಿಹೋಗುವದಕ್ಕೂ ಕಾಯಿದೆಯು ಬಿಡಲಿಲ್ಲ. ಮಕ್ಕಳ ಮೇಲೆಯೂ ಅದೇ ನೊಗ. ದೊಡ್ಡ ಭೂಮಾಲಿಕರು ರಾಜನ ದಯೆಯಿಂದ ವಿನಾಯಿತಿ ಪಡೆದರು; ಭಾರವೆಲ್ಲಾ ನಡುತರದವರ ಮೇಲೆಯೂ ರೈತರ ಮೇಲೆಯೂ ಜಾರಿತು. ರೋಮಾದ ದಂಡನ್ನು ಸಾಕುವದಕ್ಕೆ ಈ ಕಂದಾಯವು ಬೇಕಿತ್ತು, ಆದರೆ ಅದನ್ನು ಕೊಡುವವರ ಮನಸ್ಸಿನಲ್ಲಿ ರಾಜ್ಯದ ಮೇಲಣ ಪ್ರೀತಿಯು ವರುಷ ವರುಷಕ್ಕೆ ಬತ್ತುತ್ತಾ ಬಂತು. ಅಗಸ್ತೀನನು ಇಂಥ ಮನೆಯಲ್ಲಿ ಬೆಳೆದವನು.

ಮಗನು ಬುದ್ಧಿವಂತನೆಂದು ಕಂಡು ಊರಿನ ಧನಿಕನೊಬ್ಬನು ಹಣ ಸಹಾಯ ಮಾಡಿದ್ದರಿಂದ ಅವನು ಹದಿನೇಳನೆಯ ವಯಸ್ಸಿನಲ್ಲಿ ಕಾರ್ಥೇಜ್ ಪಟ್ಟಣಕ್ಕೆ ಓದಲು ಹೋದನು. ಅಲ್ಲಿ ಅವನ ನಡತೆಯು ಕೆಟ್ಟಿತು. ಒಬ್ಬ ಹೆಂಗಸನ್ನು ಮದುವೆಯಿಲ್ಲದೆ ಇಟ್ಟುಕೊಂಡನು; ಅವಳಲ್ಲಿ ಹುಟ್ಟಿದ ಮಗನಿಗೆ ಅದೆಯೋದಾತನೆಂದು, ಅಂದರೆ ದೇವದತ್ತನೆಂದು, ಹೆಸರಿಟ್ಟನು. ಸುಮಾರು ಹದಿನೈದು ವರುಷಗಳ ತರುವಾಯ ಸಿರಿವಂತರ ಮನೆಯ ಹುಡುಗಿಯೊಬ್ಬಳೊಂದಿಗೆ ಮದುವೆ ಗೊತ್ತಾದದ್ದರಿಂದ ಆ ಹೆಂಗಸನ್ನು ಕಳುಹಿಸಿಬಿಟ್ಟನು. ಅವಳು ಮಗನನ್ನು ಬಿಟ್ಟು ಒಬ್ಬಳೇ ಆಫ್ರಿಕಾಕ್ಕೆ ಹಿಂತಿರುಗಿದಳು. ಅವಳ ಹೆಸರನ್ನು ಅಗಸ್ತೀನನು ತನ್ನ ಆತ್ಮಕಥೆಯಲ್ಲಿ ಎಲ್ಲಿಯೂ ಬರೆಯಲಿಲ್ಲ. ಅವನ ಮಹಿಮೆಯನ್ನು ಹೇಳುವವರು ಈ ಹೆಂಗಸನ್ನು ಬೇಗನೆ ದಾಟಿಹೋಗುತ್ತಾರೆ. ನಮಗೆ ಹಾಗೆ ದಾಟಲು ಮನಸ್ಸಾಗುವದಿಲ್ಲ.

384ರಲ್ಲಿ ಅವನಿಗೆ ಇಟಲಿಯ ಮೀಲಾನ್ ಪಟ್ಟಣದಲ್ಲಿ ವಾಕ್ಚಾತುರ್ಯವನ್ನು ಕಲಿಸುವ ಸರಕಾರೀ ಉದ್ಯೋಗವು ದೊರೆಯಿತು. ಆಗ ಚಕ್ರವರ್ತಿಯ ಅರಮನೆಯು ಮೀಲಾನಿನಲ್ಲಿದ್ದಿತು. ಹಬ್ಬದ ದಿನಗಳಲ್ಲಿ ಎಳೆಯ ಪ್ರಾಯದ ಚಕ್ರವರ್ತಿಯನ್ನು ಸಭೆಯ ಮುಂದೆ ಹೊಗಳಿ ಮಾತಾಡುವದು ಅವನ ಕೆಲಸಗಳಲ್ಲಿ ಒಂದು. ತಾನು ಹೇಳುವದು ಸುಳ್ಳೆಂದು ಅವನಿಗೂ ಗೊತ್ತು. ಕೇಳಿ ಚಪ್ಪಾಳೆ ತಟ್ಟುವವರಿಗೂ ಗೊತ್ತು. ಅಂಥ ಒಂದು ಭಾಷಣವನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಬೀದಿಯಲ್ಲಿ ಹೋಗುತ್ತಿರುವಾಗ, ಕುಡಿದು ನಗುತ್ತಿದ್ದ ಒಬ್ಬ ಭಿಕ್ಷುಕನನ್ನು ಕಂಡು, ಇವನು ನನಗಿಂತ ಸುಖಿಯಲ್ಲವೇ ಎಂದು ನಾಚಿಕೊಂಡನು. ರಾಜ್ಯದ ಹೊಳಪನ್ನು ಒಳಗಿನಿಂದ ನೋಡಿದ್ದ ಈ ಮನುಷ್ಯನು ಮುಂದೆ ಅದಕ್ಕೆ ಮರುಳಾಗಲಿಲ್ಲ.

ಮೀಲಾನಿನ ಸಭಾಧ್ಯಕ್ಷನಾದ ಅಂಬ್ರೋಸನ ಪ್ರಸಂಗಗಳೂ ತಾಯಿಯ ಎಡೆಬಿಡದ ಪ್ರಾರ್ಥನೆಗಳೂ ಅವನನ್ನು ಹಿಂಬಾಲಿಸಿದವು. 386ರ ಬೇಸಿಗೆಯಲ್ಲಿ ಒಂದು ತೋಟದೊಳಗೆ ಮನಸ್ಸಿನ ಹೋರಾಟದಿಂದ ಅಳುತ್ತಿದ್ದಾಗ, ಪಕ್ಕದ ಮನೆಯ ಕಡೆಯಿಂದ ಒಂದು ಮಗುವಿನ ಧ್ವನಿಯು ಓದೆಂದು ಹೇಳುತ್ತಿರುವಂತೆ ಅವನಿಗೆ ಕೇಳಿಸಿತು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ತೆರೆದು 13ನೇ ಅಧ್ಯಾಯದ ಕೊನೆಯ ವಚನಗಳನ್ನು ಓದಿದನು. ಅಲ್ಲಿಗೆ ಅವನ ಸಂಶಯವು ತೀರಿತು. ಮರುವರುಷ ಅಂಬ್ರೋಸನ ಕೈಯಿಂದ ಮಗನೊಡನೆ ದೀಕ್ಷಾಸ್ನಾನ ಹೊಂದಿದನು. ಊರಿಗೆ ಹಿಂತಿರುಗುವ ದಾರಿಯಲ್ಲಿ ಮೋನಿಕಳು ತೀರಿಹೋದಳು. ಕೆಲವು ವರುಷಗಳಲ್ಲಿ ಮಗನೂ ತೀರಿದನು. 391ರಲ್ಲಿ ಹಿಪ್ಪೋ ಎಂಬ ರೇವುಪಟ್ಟಣಕ್ಕೆ ಹೋಗಿದ್ದಾಗ ಸಭೆಯ ಜನರು ಅವನನ್ನು ಹಿಡಿದು ತಂದು ವೃದ್ಧನಾದ ಅಧ್ಯಕ್ಷ ವಲೇರಿಯನ ಮುಂದೆ ನಿಲ್ಲಿಸಿ ಸಭಾಸೇವೆಗೆ ನೇಮಿಸಿಯೇಬಿಟ್ಟರು. ಅವನು ಅತ್ತನು. ಸುಮಾರು ನಾಲ್ಕು ವರುಷಗಳೊಳಗೆ ತಾನೇ ಅಧ್ಯಕ್ಷನಾಗಿ ಸಾಯುವ ತನಕ ಅಲ್ಲಿಯೇ ಉಳಿದನು. ಮುಂಜಾನೆಯ ಬಹುಭಾಗವು ಜನರ ಹೊಲ, ಸಾಲ, ಪಾಲುಗಳ ವ್ಯಾಜ್ಯ ತೀರಿಸುವದರಲ್ಲಿ ಕಳೆಯುತ್ತಿತ್ತು.

ಇಷ್ಟರೊಳಗೆ ರಾಜ್ಯದ ಗಡಿಗಳಲ್ಲಿ ಏನು ನಡೆಯುತ್ತಿತ್ತೆಂಬದನ್ನು ಹೇಳಬೇಕು. 376ರಲ್ಲಿ ಹೂಣರ ಭಯದಿಂದ ಗೋಥರೆಂಬ ಜನಾಂಗದವರು ಹೆಂಡರು ಮಕ್ಕಳೊಂದಿಗೆ ದಾನ್ಯೂಬ್ ನದಿಯ ದಡಕ್ಕೆ ಬಂದು, ತಮ್ಮನ್ನು ಒಳಗೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಚಕ್ರವರ್ತಿ ವಾಲೆನ್ಸನು ಒಪ್ಪಿದನು. ಆದರೆ ಅವರಿಗೆ ಆಹಾರ ಒದಗಿಸಬೇಕಾದ ಅಧಿಕಾರಿಗಳು ಹಸಿದವರಿಗೆ ನಾಯಿಗಳನ್ನು ಕೊಟ್ಟು, ಬದಲಾಗಿ ಅವರ ಮಕ್ಕಳನ್ನು ಗುಲಾಮರನ್ನಾಗಿ ತೆಗೆದುಕೊಂಡರು. ಇದನ್ನು ಬರೆದಿಟ್ಟವನು ರೋಮಾದ ವೈರಿಯಲ್ಲ, ಅದೇ ದಂಡಿನಲ್ಲಿ ಸೇವೆಮಾಡಿದ್ದ ಇತಿಹಾಸಕಾರನು. ಗೋಥರು ತಿರುಗಿಬಿದ್ದರು. 378ರಲ್ಲಿ ಹದ್ರಿಯಾನೊಪಲ್ ಎಂಬಲ್ಲಿ ನಡೆದ ಯುದ್ಧದಲ್ಲಿ ಚಕ್ರವರ್ತಿಯೇ ಸತ್ತನು. ಅವನ ದಂಡಿನ ಮೂರರಲ್ಲಿ ಎರಡು ಪಾಲು ನಾಶವಾಯಿತು. 395ರಲ್ಲಿ ಥಿಯೊದೋಸಿಯನು ತೀರಿಕೊಂಡ ಮೇಲೆ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಪಾಲಾಯಿತು. ಪಶ್ಚಿಮ ಭಾಗವು ಹತ್ತು ವರುಷದ ಹೊನೋರಿಯನ ಪಾಲಿಗೆ ಬಿತ್ತು. ಅವನ ಹೆಸರಿನಲ್ಲಿ ಆಳಿದವನು ಸೇನಾಪತಿ ಸ್ತಿಲಿಖೋ. 406ರ ಕೊನೆಗೆ ವಂಡಾಲರೂ ಬೇರೆ ಜನಾಂಗಗಳೂ ರೈನ್ ನದಿಯನ್ನು ದಾಟಿ ಗಾಲ್ ದೇಶವನ್ನು ಸೂರೆಗೊಂಡರು. ಇಂಥ ಸಮಯದಲ್ಲಿ ಅರಮನೆಯ ಚಾಡಿಕೋರರ ಮಾತು ಕೇಳಿ 408ರಲ್ಲಿ ಹೊನೋರಿಯನು ಸ್ತಿಲಿಖೋವನ್ನು ಕೊಲ್ಲಿಸಿದನು. ಅಷ್ಟೇ ಅಲ್ಲ, ರೋಮಾದ ದಂಡಿನಲ್ಲಿದ್ದ ಅನ್ಯಜನಾಂಗದ ಸಿಪಾಯಿಗಳ ಹೆಂಡರು ಮಕ್ಕಳನ್ನು ಇಟಲಿಯ ಪಟ್ಟಣಗಳಲ್ಲಿ ಕೊಂದರು. ಆ ಸಿಪಾಯಿಗಳು ಸಾವಿರಗಟ್ಟಲೆಯಾಗಿ ಗೋಥರ ಅರಸನಾದ ಅಲಾರಿಕನ ಕಡೆಗೆ ಹೋಗಿ ಸೇರಿದರು. ತನ್ನ ಕಾವಲುಗಾರರನ್ನು ತಾನೇ ಶತ್ರುವಿಗೆ ಒಪ್ಪಿಸಿದ ಇಂಥ ರಾಜ್ಯವನ್ನು ಉಳಿಸುವವರು ಯಾರು?

ಅಲಾರಿಕನು ಅದೇ ವರುಷ ರೋಮಾ ಪಟ್ಟಣವನ್ನು ಮುತ್ತಿದನು. ಮುತ್ತಿಗೆ ಎತ್ತುವದಕ್ಕೆ 5,000 ಪೌಂಡು ಬಂಗಾರ, 30,000 ಪೌಂಡು ಬೆಳ್ಳಿ, ರೇಶ್ಮೆಯ ಅಂಗಿಗಳು, ಇವುಗಳ ಸಂಗಡ 3,000 ಪೌಂಡು ಮೆಣಸನ್ನೂ ಕೇಳಿ ತೆಗೆದುಕೊಂಡನು. ಆ ಕಾಲದಲ್ಲಿ ಕರಿಮೆಣಸು ರೋಮಾಕ್ಕೆ ಹೋಗುತ್ತಿದ್ದದ್ದು ನಮ್ಮ ಭಾರತದ ಪಶ್ಚಿಮ ಕರಾವಳಿಯಿಂದಲೇ. ಅಡಿಕೆಮರಕ್ಕೆ ಹಬ್ಬಿದ ಬಳ್ಳಿಯನ್ನು ದಿನವೂ ನೋಡುವ ವಾಚಕರು ಇದನ್ನು ಓದಿ ಬೆರಗಾಗಬಹುದು. ಆದರೂ ಸಂಧಾನವು ನಿಲ್ಲಲಿಲ್ಲ. ಚಕ್ರವರ್ತಿಯು ರವೆನ್ನಾ ಪಟ್ಟಣದ ಜವುಗು ನೆಲದ ನಡುವೆ ಸುರಕ್ಷಿತನಾಗಿ ಕುಳಿತು ಮಾತು ಕೊಡುತ್ತಲೂ ತಪ್ಪುತ್ತಲೂ ಇದ್ದನು. 410ನೇ ಆಗಸ್ಟ್ 24ರಲ್ಲಿ ಗೋಥರು ಪಟ್ಟಣವನ್ನು ಹೊಕ್ಕು ಮೂರು ದಿನ ಸೂರೆಮಾಡಿದರು. ಸುಮಾರು ಎಂಟುನೂರು ವರುಷಗಳಿಂದ ಪರಶತ್ರುವಿನ ಕಾಲು ಸೋಕದೆ ಇದ್ದ ಪಟ್ಟಣವದು. ಅಲಾರಿಕನೂ ಕ್ರೈಸ್ತನೆನಿಸಿಕೊಂಡವನಾದದರಿಂದ ಪೇತ್ರ ಪೌಲರ ಹೆಸರಿನ ದೇವಾಲಯಗಳಲ್ಲಿ ಹೊಕ್ಕವರನ್ನು ಮುಟ್ಟಬಾರದೆಂದು ಆಜ್ಞಾಪಿಸಿದ್ದನು. ಕ್ರೈಸ್ತರೂ ಅಲ್ಲದವರೂ ಅಲ್ಲಿ ಓಡಿಹೋಗಿ ಜೀವ ಉಳಿಸಿಕೊಂಡರು.

ತಪ್ಪಿಸಿಕೊಂಡವರು ಹಡಗು ಹತ್ತಿ ಆಫ್ರಿಕಾದ ರೇವುಗಳಿಗೆ ಬಂದಿಳಿದರು. ಸಿರಿವಂತರಲ್ಲಿ ಕೆಲವರು ಕಾರ್ಥೇಜಿನ ನಾಟಕಶಾಲೆಗಳಲ್ಲಿ ದಿನ ಕಳೆಯತೊಡಗಿದ್ದನ್ನು ಅಗಸ್ತೀನನು ವ್ಯಥೆಯಿಂದ ಬರೆದಿದ್ದಾನೆ. ತಿಳಿದವರೆನಿಸಿಕೊಂಡವರು ಮಾತ್ರ ಒಂದು ದೂರನ್ನು ಹೊತ್ತು ತಂದಿದ್ದರು. ಯೂಪಿತರನ ಗುಡಿಗಳು ತೆರೆದಿದ್ದಾಗ ಪಟ್ಟಣವು ನಿಂತಿತ್ತು, ಅವು ಮುಚ್ಚಿದ ಮೇಲೆ ಬಿತ್ತು ಎಂಬದೇ ಆ ದೂರು. ಅದಕ್ಕಿಂತ ಕಠಿಣವಾದದ್ದು ಸಭೆಯೊಳಗಿನ ಪ್ರಶ್ನೆ. ಅಪೊಸ್ತಲರ ಸಮಾಧಿಗಳಿರುವ ಪಟ್ಟಣವನ್ನು ದೇವರು ಏಕೆ ಕಾಯಲಿಲ್ಲ? ಮಾನಕಳಕೊಂಡ ಹೆಂಗಸರು, ಸೆರೆಹೋದ ಮಕ್ಕಳು, ಇವರೇನು ಪಾಪಮಾಡಿದರು? ಅಗಸ್ತೀನನು ಇದನ್ನು ತಳ್ಳಿಬಿಡಲಿಲ್ಲ. ಬಲಾತ್ಕಾರಕ್ಕೆ ಒಳಗಾದವಳಲ್ಲಿ ದೋಷವಿಲ್ಲ, ಅವಳ ಪರಿಶುದ್ಧತೆಯು ಹೋಗಲಿಲ್ಲ, ಅವಳು ಪ್ರಾಣ ತೆಗೆದುಕೊಳ್ಳಬೇಕಾಗಿಲ್ಲ ಎಂದು ತನ್ನ ಪುಸ್ತಕದ ಮೊದಲಲ್ಲಿಯೇ ಬಿಡಿಸಿ ಬರೆದನು. ಮಾನ ಹೋದವಳು ಸಾಯುವದೇ ಮೇಲೆಂದು ರೋಮಾದವರು ಶತಮಾನಗಳಿಂದ ಕಥೆ ಹೇಳಿಕೊಂಡು ಬಂದಿದ್ದರು. ಆದಕಾರಣ ಈ ಮಾತು ಚಿಕ್ಕದಲ್ಲ.

ಆ ಪುಸ್ತಕದ ಹೆಸರು ದೇವರ ಪಟ್ಟಣ. 413ರಲ್ಲಿ ಮೊದಲುಮಾಡಿ 426ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, 22 ಭಾಗಗಳಲ್ಲಿ ಮುಗಿಸಿದನು. ದೂರಿಗೆ ಅವನು ಕೊಟ್ಟ ಮೊದಲನೆಯ ಉತ್ತರವು ರೋಮಾದವರ ಸ್ವಂತ ಇತಿಹಾಸದಿಂದಲೇ ಬಂದದ್ದು. ಕ್ರಿಸ್ತನು ಹುಟ್ಟುವದಕ್ಕೆ ಮುಂಚೆ, ಗುಡಿಗಳಲ್ಲಿ ಹೊಗೆ ಏಳುತ್ತಿದ್ದ ಕಾಲದಲ್ಲಿಯೇ, ಗಾಲರು ಪಟ್ಟಣವನ್ನು ಸುಟ್ಟಿದ್ದರು. ರೋಮಾದ ಸೇನಾಪತಿಗಳು ಒಬ್ಬರೊಬ್ಬರ ಮೇಲೆ ಬಿದ್ದು ಗೋಥರಿಗಿಂತ ಹೆಚ್ಚಾಗಿ ತಮ್ಮ ಜನರ ರಕ್ತವನ್ನೇ ಹರಿಸಿದ್ದರು. ಆಗ ಆ ದೇವರುಗಳು ಎಲ್ಲಿದ್ದರು? ಕ್ರಿ. ಪೂ. 146ರಲ್ಲಿ ಕಾರ್ಥೇಜನ್ನು ನಾಶಮಾಡಿ ಹೆದರಿಕೆ ತೀರಿದ ಮೇಲೆ ದುರಾಶೆಯೂ ಅಧಿಕಾರದ ಮದವೂ ಒಳಗಿನಿಂದ ರೋಮಾವನ್ನು ತಿಂದವೆಂಬದನ್ನು ರೋಮಾದ ಗ್ರಂಥಕರ್ತರ ಬಾಯಿಂದಲೇ ತೋರಿಸಿದನು. ನ್ಯಾಯವಿಲ್ಲದ ರಾಜ್ಯಕ್ಕೂ ಕಳ್ಳರ ದೊಡ್ಡ ಗುಂಪಿಗೂ ಭೇದವೇನೆಂದು ಕೇಳಿದನು. ಇಷ್ಟು ಹೇಳಿ ನಿಲ್ಲಿಸಿದ್ದರೆ ಅದು ಜಾಣ ವಕೀಲನ ಉತ್ತರವಾಗುತ್ತಿತ್ತು. ಅವನು ಕ್ರೈಸ್ತರನ್ನೂ ಬಿಡಲಿಲ್ಲ. ಚಕ್ರವರ್ತಿಯು ಕ್ರೈಸ್ತನಾದನೆಂದು ರಾಜ್ಯವು ಶಾಶ್ವತವಾಗುವದೆಂದು ನಂಬಿದವರು ತಪ್ಪಿದರೆಂದೂ, ದೇವರು ಅಂಥ ವಾಗ್ದಾನವನ್ನು ಯಾವ ಭೂರಾಜ್ಯಕ್ಕೂ ಕೊಟ್ಟಿಲ್ಲವೆಂದೂ ಖಂಡಿತವಾಗಿ ಬರೆದನು. ಅವನಿಗೆ ತಿಳಿಯದಿದ್ದ ಇನ್ನೊಂದು ಸಂಗತಿಯನ್ನು ನಾವು ಕೂಡಿಸಬಹುದು. ಪಶ್ಚಿಮದಷ್ಟೇ ಕ್ರೈಸ್ತವಾಗಿದ್ದ ಪೂರ್ವದ ರಾಜ್ಯವು ಕೊನ್‌ಸ್ತಂತಿನೊಪಲನ್ನು ರಾಜಧಾನಿಯಾಗಿ ಮಾಡಿಕೊಂಡು 1453ರ ವರೆಗೆ ಬಾಳಿತು. ಕ್ರಿಸ್ತನನ್ನು ನಂಬಿದ್ದೇ ಕೇಡಿಗೆ ಕಾರಣವಾಗಿದ್ದರೆ ಅದೂ ಅಂದೇ ಬೀಳಬೇಕಾಗಿತ್ತು.

ಈ ಪುಸ್ತಕವನ್ನು ಬರೆಯಬೇಕೆಂದು ಬೇಡಿಕೊಂಡವನು ಮರ್ಕೆಲ್ಲೀನನೆಂಬ ಸರಕಾರೀ ಅಧಿಕಾರಿ, ಅಗಸ್ತೀನನ ಪ್ರಿಯ ಸ್ನೇಹಿತನು. 413ರಲ್ಲಿ ಆಫ್ರಿಕಾದ ಸೇನಾಪತಿ ಹೆರಾಕ್ಲಿಯಾನನು ದಂಗೆಯೆದ್ದು, ಧಾನ್ಯದ ಹಡಗುಗಳನ್ನು ತಡೆದು, ಇಟಲಿಯ ಮೇಲೆ ದಂಡೆತ್ತಿ ಸೋತನು. ಬಳಿಕ ನಡೆದ ಸೇಡಿನಲ್ಲಿ ನಿರಪರಾಧಿಯಾದ ಮರ್ಕೆಲ್ಲೀನನನ್ನೂ ಹಿಡಿದರು. ಅಗಸ್ತೀನನು ಕಾರ್ಥೇಜಿನಲ್ಲಿ ಅವನಿಗಾಗಿ ಬಹಳವಾಗಿ ಬೇಡಿದನು. ಪ್ರಾಣಕ್ಕೆ ಭಯವಿಲ್ಲವೆಂಬ ನಂಬಿಕೆಯನ್ನೂ ಹುಟ್ಟಿಸಿದರು. ಹೀಗಿರಲಾಗಿ ಒಂದು ದಿನ ಫಕ್ಕನೆ ಅವನ ತಲೆಯನ್ನು ಹೊಡಿಸಿದರು. ಅಗಸ್ತೀನನು ಕೂಡಲೇ ಆ ಪಟ್ಟಣವನ್ನು ಬಿಟ್ಟು ಹೊರಟನು.

ಇಲ್ಲಿ ಅವನ ಒಂದು ತಪ್ಪನ್ನೂ ಹೇಳದೆ ಇರಲಾರೆವು. ಆಫ್ರಿಕಾದ ಸಭೆಯು ದೊನಾತನ ಪಕ್ಷದಿಂದ ನೂರು ವರುಷಗಳಿಂದ ಒಡೆದುಹೋಗಿತ್ತು. ಮೊದಲು ಮಾತಿನಿಂದಲೇ ಅವರನ್ನು ಗೆಲ್ಲಬೇಕೆಂದಿದ್ದ ಅಗಸ್ತೀನನು ಆಮೇಲೆ ಸರಕಾರದ ಬಲವನ್ನು ಒಪ್ಪಿಕೊಂಡನು; ಅವರ ಆಲಯಗಳನ್ನೂ ಆಸ್ತಿಯನ್ನೂ ಜಫ್ತಿಮಾಡಿದರು. ಮರಣದಂಡನೆ ಬೇಡವೆಂದು ಅವನು ಅಡ್ಡಬಂದದ್ದು ನಿಜ. ಆದರೂ ಅವನು ಕೊಟ್ಟ ನ್ಯಾಯಗಳನ್ನೇ ಮುಂದಿನ ಶತಮಾನಗಳ ಹಿಂಸಕರು ಹಿಡಿದುಕೊಂಡರು. ಅನ್ಯಾಯದ ರಾಜ್ಯವನ್ನು ಕಳ್ಳರ ಗುಂಪೆಂದವನು ಅದರ ಕೋಲನ್ನು ಸಭೆಗಾಗಿ ಎರವಲು ತಂದನಲ್ಲಾ ಎಂದು ನಮಗೆ ದುಃಖವಾಗುತ್ತದೆ.

ರಾಜ್ಯದ ಒಳಗಿನ ಕೊಳೆಯು ಎಷ್ಟಿತ್ತೆಂಬದಕ್ಕೆ ಅವನ ಕೆಲವು ಪತ್ರಗಳು ಸಾಕ್ಷಿ. ಬಹುಕಾಲ ಮರೆಯಾಗಿದ್ದು 1981ರಲ್ಲಿ ಮಾತ್ರ ಅಚ್ಚಾದ ಪತ್ರಗಳಿವು. ಅವನ ಮುಪ್ಪಿನ ಕಾಲದಲ್ಲಿ ಗುಲಾಮರ ವ್ಯಾಪಾರಿಗಳು ಆಫ್ರಿಕಾದ ಹಳ್ಳಿಗಳ ಮೇಲೆ ಬಿದ್ದರು. ಆಯುಧ ಹಿಡಿದವರ ಗುಂಪುಗಳು ಒಕ್ಕಲಿಗರನ್ನು ಕದ್ದು ತಂದು ಮಾರುತ್ತಿದ್ದವು. ಹಿಪ್ಪೋದಲ್ಲಿಯೇ ಒಬ್ಬ ಹೆಂಗಸು ಸೌದೆ ಕೊಳ್ಳುವ ನೆವದಿಂದ ಗುಡ್ಡದ ಹೆಂಗಸರನ್ನು ಕರೆದು, ಕೂಡಿಹಾಕಿ, ಹೊಡೆದು, ಮಾರಿಬಿಡುತ್ತಿದ್ದಳು. ಒಂದು ಸಾರಿ ಅಗಸ್ತೀನನು ಊರಲ್ಲಿ ಇಲ್ಲದಾಗ, ರೇವಿನಲ್ಲಿ ಸೆರೆಯವರನ್ನು ಹಡಗಿಗೆ ತುಂಬುತ್ತಿರುವ ಸುದ್ದಿಯನ್ನು ಕೇಳಿ ಸಭೆಯ ಜನರೇ ಹೋಗಿ ಸುಮಾರು 120 ಮಂದಿಯನ್ನು ಬಿಡಿಸಿದರು. ಅವರಲ್ಲಿ ತಂದೆತಾಯಿಗಳೇ ಮಾರಿದ್ದವರು ಐದಾರು ಮಂದಿಗಿಂತ ಹೆಚ್ಚಿಲ್ಲ. ಉಳಿದವರೆಲ್ಲಾ ಕದ್ದು ತಂದವರು. ವ್ಯಾಪಾರಿಗಳಿಗೆ ದೊಡ್ಡವರ ಆಶ್ರಯವಿದ್ದದರಿಂದ ಬಿಡಿಸಿದವರ ಮೇಲೆಯೇ ತಂಟೆ ಬಂತು. ಗುಲಾಮತನವೇ ಇರಬಾರದೆಂದು ಅಗಸ್ತೀನನು ಹೇಳಿದವನಲ್ಲ. ಆದರೆ ಬಡವರನ್ನು ಬಿಡಿಸುವದಕ್ಕೆ ಸಭೆಯ ಬೆಳ್ಳಿಪಾತ್ರೆಗಳನ್ನು ಕರಗಿಸಲು ಅವನು ಹಿಂಜರಿಯಲಿಲ್ಲ. ಪರಶತ್ರುವು ಇನ್ನೂ ಆಫ್ರಿಕಾಕ್ಕೆ ಕಾಲಿಡುವದಕ್ಕೆ ಮುಂಚೆಯೇ ರೋಮಾದ ಪ್ರಜೆಗೆ ರೋಮಾದ ರಕ್ಷಣೆ ಇಲ್ಲದೆ ಹೋಗಿತ್ತೆಂಬದನ್ನು ನಮ್ಮ ವಾಚಕರು ಗಮನಿಸಬೇಕು.

ಆ ಶತ್ರುವಿಗೆ ದಾರಿಯಾದದ್ದು ಇನ್ನೊಂದು ಒಳಜಗಳ. 427ರಲ್ಲಿ ಆಫ್ರಿಕಾದ ಸೇನಾಪತಿ ಬೋನಿಫೇಸನಿಗೂ ರವೆನ್ನಾದ ಸರಕಾರಕ್ಕೂ ವೈರ ಬೆಳೆದು, ಗಡಿ ಕಾಯಬೇಕಾದ ದಂಡುಗಳು ಒಂದಕ್ಕೊಂದು ಎದುರಾಗಿ ಹೋರಾಡಿದವು. ಬೋನಿಫೇಸನೇ ವಂಡಾಲರನ್ನು ಕರೆದನೆಂದು ಹಳೆಯ ಪುಸ್ತಕಗಳು ಹೇಳುತ್ತವೆ. ಈಗಿನ ಇತಿಹಾಸಜ್ಞರು ಅದನ್ನು ಅಷ್ಟಾಗಿ ನಂಬುವದಿಲ್ಲ. ಹೇಗಾದರೂ 429ರಲ್ಲಿ ಗೈಸೆರಿಕನೆಂಬ ಅರಸನು ಸ್ಪೇನಿನಿಂದ ಸಮುದ್ರ ದಾಟಿ ಬಂದನು. ಮುದುಕರು, ಮಕ್ಕಳು, ಆಳುಗಳು ಸೇರಿ ಅವನ ಜನರು 80,000 ಎಂದು ಲೆಕ್ಕವಿದೆ. ಊರುಗಳು ಉರಿದವು.

ಆಗ ಹೊನೋರಾತನೆಂಬ ಸಭಾಧ್ಯಕ್ಷನು ಅಗಸ್ತೀನನಿಗೆ ಪತ್ರ ಬರೆದು, ಶತ್ರುವು ಬರುವಾಗ ಪಾಲಕನು ಓಡಿಹೋಗಬಹುದೋ, ಹಿಂಸೆ ಬಂದರೆ ಬೇರೊಂದು ಊರಿಗೆ ಓಡಿರೆಂದು ಕರ್ತನೇ ಹೇಳಿಲ್ಲವೋ ಎಂದು ಕೇಳಿದನು. ಅಗಸ್ತೀನನು ಗಟ್ಟಿಯಾದ ಉತ್ತರ ಕೊಟ್ಟನು. ಶತ್ರುವು ಪಾಲಕನೊಬ್ಬನನ್ನೇ ಹುಡುಕುತ್ತಿದ್ದರೆ, ಸಭೆಯನ್ನು ನೋಡಿಕೊಳ್ಳಲು ಬೇರೆಯವರಿದ್ದರೆ, ಅವನು ಹೋಗಬಹುದು. ಪೌಲನನ್ನೂ ದಮಸ್ಕದ ಗೋಡೆಯಿಂದ ಹೆಡಿಗೆಯಲ್ಲಿ ಇಳಿಸಿದರಲ್ಲಾ. ಜನರೆಲ್ಲರೂ ಹೋಗುವದಾದರೆ ಅವನೂ ಅವರ ಸಂಗಡ ಹೋಗಲಿ. ಆದರೆ ಅಪಾಯವು ಎಲ್ಲರಿಗೂ ಒಂದೇ ಆಗಿದ್ದು, ಹೋಗಲಾರದ ಬಡವರು ಉಳಿದರೆ, ಅವನೂ ಉಳಿಯಬೇಕು. ಅಂಥ ಹೊತ್ತಿನಲ್ಲಿಯೇ ಒಬ್ಬನು ದೀಕ್ಷಾಸ್ನಾನವನ್ನೂ, ಒಬ್ಬನು ಪಾಪಕ್ಷಮೆಯ ಮಾತನ್ನೂ, ಎಲ್ಲರೂ ಆದರಣೆಯನ್ನೂ ಬೇಡುತ್ತಾ ದೇವಾಲಯಕ್ಕೆ ಓಡಿಬರುತ್ತಾರೆ. ಆಗ ಅಲ್ಲಿ ಯಾರೂ ಇಲ್ಲದಿದ್ದರೆ ಹೇಗೆ? ಸೇವಕರಲ್ಲಿ ಯಾರು ಉಳಿಯಬೇಕೆಂಬ ವಾದ ಬಂದರೆ ಚೀಟುಹಾಕಿ ತೀರ್ಮಾನಿಸಲಿ ಎಂದೂ ಬರೆದನು.

ಇದನ್ನು ಬರೆದವನು ತಾನೂ ಹಾಗೆಯೇ ನಡೆದನು. 430ರಲ್ಲಿ ವಂಡಾಲರು ಹಿಪ್ಪೋವನ್ನು ಭೂಮಿಯ ಕಡೆಯಿಂದಲೂ ಕಡಲ ಕಡೆಯಿಂದಲೂ ಮುತ್ತಿದರು. ಸುತ್ತಲಿನ ಹಲವು ಸಭಾಧ್ಯಕ್ಷರು ಒಳಗೆ ಆಶ್ರಯ ಹೊಂದಿದ್ದರು. ಅವರಲ್ಲೊಬ್ಬನಾದ ಪೊಸಿದಿಯನು ಅಗಸ್ತೀನನ ಚರಿತ್ರೆಯನ್ನು ಬರೆದನು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ತೀನನು ಜ್ವರದಿಂದ ಮಲಗಿದನು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಮಂಚದ ಎದುರಿನ ಗೋಡೆಗೆ ಹಚ್ಚಿಸಿ, ಅವುಗಳನ್ನು ಓದುತ್ತಾ ಅಳುತ್ತಿದ್ದನು. ಕೊನೆಯ ಹತ್ತು ದಿನ ವೈದ್ಯರೂ ಊಟ ತರುವವರೂ ಹೊರತಾಗಿ ಯಾರೂ ಒಳಗೆ ಬರಬಾರದೆಂದು ಬೇಡಿಕೊಂಡು ಪ್ರಾರ್ಥನೆಯಲ್ಲಿ ಕಳೆದನು. ಆಗಸ್ಟ್ 28ರಲ್ಲಿ, ಎಪ್ಪತ್ತಾರನೆಯ ವರುಷ ತುಂಬುವ ಮೊದಲೇ, ನಿದ್ರೆಹೋದನು. ಉಯಿಲು ಬರೆಯಲಿಲ್ಲ, ಬರೆಯುವದಕ್ಕೆ ಆಸ್ತಿ ಇರಲಿಲ್ಲ. ಪುಸ್ತಕಗಳನ್ನು ಮಾತ್ರ ಜಾಗ್ರತೆಯಿಂದ ಇಡಬೇಕೆಂದು ಹೇಳಿದ್ದನು.

ಮುತ್ತಿಗೆಯು ಸುಮಾರು ಹದಿನಾಲ್ಕು ತಿಂಗಳು ನಡೆಯಿತು. ಆಮೇಲೆ ಜನರು ಬಿಟ್ಟುಹೋದ ಪಟ್ಟಣವನ್ನು ಶತ್ರುಗಳು ಸುಟ್ಟರು, ಆದರೂ ಪುಸ್ತಕಗಳು ಉಳಿದವು. 439ನೇ ಅಕ್ಟೋಬರ್ 19ರಲ್ಲಿ ಗೈಸೆರಿಕನು ಕಾರ್ಥೇಜನ್ನು ಹಿಡಿದನು. ರೋಮಾ ಪಟ್ಟಣವು ಉಣ್ಣುತ್ತಿದ್ದದ್ದು ಆಫ್ರಿಕಾದ ಗೋದಿಯನ್ನು. ಪಶ್ಚಿಮದ ದಂಡಿಗೆ ಸಂಬಳ ಕೊಡುತ್ತಿದ್ದದ್ದು ಬಹುಮಟ್ಟಿಗೆ ಆಫ್ರಿಕಾದ ಕಂದಾಯದಿಂದ. ಅದು ನಿಂತ ಮೇಲೆ ದಂಡು ಕ್ಷೀಣಿಸಿತು, ದಂಡು ಕ್ಷೀಣಿಸಿದ ಮೇಲೆ ಇನ್ನಷ್ಟು ಸೀಮೆಗಳು ಕೈಬಿಟ್ಟವು, ಅವುಗಳ ಕಂದಾಯವೂ ಹೋಯಿತು. 455ರಲ್ಲಿ ವಂಡಾಲರೇ ಹಡಗಿನಲ್ಲಿ ಬಂದು ರೋಮಾವನ್ನು ಸೂರೆಮಾಡಿದರು. ಆಫ್ರಿಕಾವನ್ನು ಹಿಂದಕ್ಕೆ ಪಡೆಯಲು 468ರಲ್ಲಿ ಪೂರ್ವ ಪಶ್ಚಿಮಗಳು ಕೂಡಿ ಕಳುಹಿಸಿದ ದೊಡ್ಡ ಹಡಗುಪಡೆಯು ಬೆಂಕಿಗೆ ತುತ್ತಾಯಿತು. 476ರಲ್ಲಿ ಒದೊವಾಕರನೆಂಬ ಸರದಾರನು ಪಶ್ಚಿಮದ ಕಡೆಯ ಚಕ್ರವರ್ತಿಯಾದ ಹುಡುಗನನ್ನು ಇಳಿಸಿ, ಕೊಲ್ಲದೆ, ಜೀವನಾಂಶ ಕೊಟ್ಟು ಕಳುಹಿಸಿಬಿಟ್ಟನು.

ಹಿಪ್ಪೋ ಇದ್ದ ಸ್ಥಳಕ್ಕೆ ಈಗ ಅನ್ನಾಬಾ ಎಂದು ಹೆಸರು. ಅಲ್ಲಿ ನೆಲ ಅಗೆದವರಿಗೆ ಒಂದು ದೊಡ್ಡ ದೇವಾಲಯದ ಬುಡವೂ ಬಣ್ಣದ ಕಲ್ಲುಗಳನ್ನು ಜೋಡಿಸಿದ ನೆಲವೂ ಸಿಕ್ಕಿವೆ. ಅದು ಅಗಸ್ತೀನನ ಆಲಯವೇ ಇರಬೇಕೆಂದು ಬಹುಜನರು ನೆನಸುತ್ತಾರೆ. ಆ ಕಾಲದ ಪದ್ಧತಿಯಂತೆ ಅಧ್ಯಕ್ಷನು ಕುಳಿತು ಪ್ರಸಂಗಮಾಡುತ್ತಿದ್ದನು, ಸಭೆಯವರು ನಿಂತು ಕೇಳುತ್ತಿದ್ದರು. ಅವನು ಕುಳಿತಿದ್ದ ಕಡೆಯ ಅರ್ಧವೃತ್ತದ ಗೋಡೆಯ ಬುಡವೂ ಅವರು ನಿಂತಿದ್ದ ನೆಲವೂ ಇಂದಿಗೂ ಕಾಣುತ್ತವೆ.